ನಿಲ್ಲದ ಬಸ್ಸಿಗೆ ಅಭಿನಂದನೆ

ನಮ್ಮ ವಿದ್ಯಾರ್ಥಿ ಸಂಘಕ್ಕೆ ಗೊತ್ತಿದ್ದ ಕೆಲಸ ಎರಡೇ: ಸನ್ಮಾನ ಮಾಡುವುದು, ಅದರ ಫ್ಲೆಕ್ಸ್ ಕಟ್ಟುವುದು. ಹೊಸ ಮೇಷ್ಟ್ರು ಬಂದರೆ ಶಾಲು, ಹಳಬರು ಹೋದರೆ ಶಾಲು, ಯಾರೂ ಬರದೆ ಹೋಗದೆ ಇದ್ದ ತಿಂಗಳಲ್ಲಿ ಕ್ಯಾಂಟೀನಿನವರಿಗೆ ಶಾಲು. ಚಿತ್ರದುರ್ಗದ ಹೊರಗೆ, ಹೊಳಲ್ಕೆರೆ ರಸ್ತೆಯಲ್ಲಿದ್ದ ನಮ್ಮ ಎಂ.ಎ. ಕೇಂದ್ರದ ಗೇಟು ಬರಿದಾಗಿದ್ದ ದಿನವನ್ನು ನಾನು ಕಂಡಿಲ್ಲ. ಆ ಸಂಘದಲ್ಲಿ ನಾನು ಮಹಿಳಾ ಪ್ರತಿನಿಧಿ. ಅಂದರೆ ಫೋಟೊದಲ್ಲಿ ಹಣ್ಣಿನ ತಟ್ಟೆ ಹಿಡಿದು ನಿಲ್ಲುವವಳು.

ನನ್ನ ಕಷ್ಟ ಬೇರೆಯೇ ಇತ್ತು. ನಮ್ಮೂರು ಮತ್ತೋಡು. ಅಲ್ಲಿಂದ ಹೊಸದುರ್ಗಕ್ಕೆ ಬಂದು, ಚಿತ್ರದುರ್ಗದ ಬಸ್ ಹತ್ತಬೇಕು. ಹೆಂಗಸರಿಗೆ ಬಸ್ ಫ್ರೀ ಆದಮೇಲೆ ಅದರಲ್ಲಿ ಎರಡೂ ಕಾಲು ಊರಲು ಜಾಗ ಸಿಕ್ಕರೆ ಪುಣ್ಯ. ಆ ಬಸ್ಸು ನಮ್ಮ ಗೇಟಿನ ಮುಂದೆಯೇ ಹಾಯುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ನನ್ನ ಕ್ಲಾಸ್‌ರೂಮನ್ನು ಕಿಟಕಿಯಿಂದ ನೋಡಿಕೊಂಡು ಊರೊಳಗಿನ ಬಸ್ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಆಟೊದಲ್ಲಿ ತಿರುಗಿ ಬರುವ ಹೊತ್ತಿಗೆ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಹಾಜರಾತಿ ಹೀಗೇ ಕಮ್ಮಿಯಾದರೆ ಪರೀಕ್ಷೆಗೆ ಹಾಲ್ ಟಿಕೆಟ್ ಕೊಡುವುದಿಲ್ಲವೆಂದು ಆಫೀಸಿನವರು ಹೇಳಿಬಿಟ್ಟರು. ನನಗೆ ನಿದ್ದೆ ಹಾರಿತು.

ನಮ್ಮ ಅಧ್ಯಕ್ಷ ಹಿರಿಯೂರಿನವನು, ಯಾವುದಕ್ಕೂ ಇಲ್ಲ ಅನ್ನದ ಮನುಷ್ಯ. "ಸ್ಟಾಪ್ ತಾನೆ, ಮಾಡಿಸಾಣ ಬಿಡಮ್ಮ. ಒಂದು ಮನವಿ ಕೊಟ್ರಾತು," ಅಂದ. ಡಿಪೊ ಅಧಿಕಾರಿಯ ಮುಂದೆ ಸಂಘವೆಲ್ಲ ಸಾಲಾಗಿ ನಿಂತೆವು. ಮನವಿಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ಅಧ್ಯಕ್ಷನ ಕೈಯಲ್ಲಿ, ಇಬ್ಬರ ಮುಖವೂ ಫೋಟೊ ತೆಗೆಯುವ ಮೊಬೈಲಿನ ಕಡೆಗೆ. ಅಧಿಕಾರಿ "ನೋಡಾಣ" ಅಂದರು. ಕಚೇರಿಯಲ್ಲಿ ನೋಡಾಣ ಅಂದರೆ ಏನೆಂದು ನಮ್ಮನೆ ಎಮ್ಮೆಗೂ ಗೊತ್ತು. ನಮ್ಮ ಅಧ್ಯಕ್ಷನಿಗೆ ಗೊತ್ತಿರಲಿಲ್ಲ.

ಮಾರನೇ ದಿನವೇ ಗೇಟಿಗೆ ಫ್ಲೆಕ್ಸ್ ಬಂತು: "ಇಲ್ಲಿ ಬಸ್ ನಿಲುಗಡೆ ಮಾಡಿಸಿಕೊಟ್ಟ ಸಾಹೇಬರಿಗೆ ಹೃತ್ಪೂರ್ವಕ ಅಭಿನಂದನೆಗಳು." ಮೇಲೆ ಅಧಿಕಾರಿಯ ದೊಡ್ಡ ಮುಖ, ಕೆಳಗೆ ನಮ್ಮ ಸಣ್ಣ ಮುಖಗಳ ಸಾಲು. ಕೂಸು ಹುಟ್ಟುವ ಮುಂಚೆ ಕುಲಾವಿ. ಬಸ್ಸಿನ ಕಿಟಕಿಯಿಂದ ಅದನ್ನು ಓದಿ ನನಗೆ ಮೈಯೆಲ್ಲ ಉರಿಯಿತು.

"ನಿಲ್ಸ್ರಿ, ಇಳೀಬೇಕು," ಅಂದೆ ಕಂಡಕ್ಟರಿಗೆ, ಸಿಟ್ಟಿನಲ್ಲೇ.

"ಇಲ್ಲಿ ಸ್ಟಾಪ್ ಎಲ್ಲೈತಮ್ಮ?"

"ಅಷ್ಟು ದೊಡ್ಡದಾಗಿ ಬರೆದೈತೆ, ಕಾಣಲ್ವೇನ್ರಿ? ನಿಮ್ಮ ಸಾಹೇಬ್ರ ಫೋಟೊನೂ ಐತೆ."

ಅವರು ಬಗ್ಗಿ ನೋಡಿದರು. ಸಾಹೇಬರ ಮುಖ ಕಂಡಿದ್ದೇ ಸೀಟಿ ಬಾಯಿಗೆ ಹೋಯಿತು. "ಆರ್ಡರ್ ಆದ್ರೆ ನಮಗೆ ಯಾರು ಹೇಳ್ತಾರೆ," ಎಂದು ಗೊಣಗಿದರು. ಬಸ್ಸು ನಿಂತಿತು.

ಅವತ್ತು ಮೊದಲ ಪೀರಿಯಡ್ಡಿನಲ್ಲಿ ಕೂತಿದ್ದ ನನ್ನನ್ನು ಕಂಡು ಮೇಷ್ಟ್ರು, "ಹೊಸ ಅಡ್ಮಿಷನ್ನೇನಮ್ಮ?" ಎಂದು ಕೇಳಿದರು. ಸೆಮಿಸ್ಟರ್ ಅರ್ಧ ಮುಗಿದಿತ್ತು.

ಒಂದು ಬಸ್ಸು ನಿಂತದ್ದು ನೋಡಿ ಹಿಂದಿನದೂ ನಿಂತಿತು. ನೋಡನೋಡುತ್ತ ಅದು ಸ್ಟಾಪೇ ಆಗಿಹೋಯಿತು. ಬಾಳೆಹಣ್ಣಿನ ಗಾಡಿಯೂ ಬಂತು. ಅಧ್ಯಕ್ಷ ಮೀಸೆ ತಿರುವಿಕೊಂಡು ಓಡಾಡಿದ. ಆರ್ಡರ್ ಇಲ್ಲದ್ದು ಯಾವಾಗ ಹೊರಬೀಳುತ್ತದೋ ಎಂದು ನಾನು ಮಾತ್ರ ದಿನಾ ಜೀವ ಕೈಯಲ್ಲಿ ಹಿಡಿದೇ ಇಳಿಯುತ್ತಿದ್ದೆ.

ಕೊನೆಗೊಂದು ಬೆಳಗ್ಗೆ ಬಸ್ ಇಳಿದರೆ, ಫ್ಲೆಕ್ಸಿನ ಕೆಳಗೆ ಸಾಹೇಬರೇ ನಿಂತಿದ್ದರು. ಫ್ಲೆಕ್ಸಿನಲ್ಲಿದ್ದ ನಗು ಮುಖದಲ್ಲಿರಲಿಲ್ಲ.

"ಯಾರು ಕಟ್ಟಿದ್ದು ಇದನ್ನ? ನಾನೆಲ್ಲಿ ಆರ್ಡರ್ ಕೊಟ್ಟೀನಿ? ಬಿಚ್ರಿ ಮೊದ್ಲು."

ಅಧ್ಯಕ್ಷ ಆಗಲೇ ಕ್ಯಾಂಟೀನಿನ ಗೋಡೆಯ ಹಿಂದೆ ಸೇರಿದ್ದ. ಸಾಲಿನಲ್ಲಿದ್ದ ಸಣ್ಣ ಮುಖಗಳ ಪೈಕಿ ಅಲ್ಲಿ ಉಳಿದದ್ದು ನನ್ನದೊಂದೇ. ಸಾಹೇಬರು ಒಮ್ಮೆ ಮೇಲೆ ನೋಡಿದರು, ಒಮ್ಮೆ ನನ್ನನ್ನು. ಅಷ್ಟರಲ್ಲಿ ಬಸ್ಸಿನಿಂದ ಇಳಿದವರೆಲ್ಲ ಫೋಟೊದ ಗುರುತು ಹಿಡಿದು, ಒಬ್ಬೊಬ್ಬರಾಗಿ ಅವರಿಗೆ ಕೈ ಮುಗಿಯತೊಡಗಿದರು. ಮಗಳ ಜೊತೆ ಬಂದಿದ್ದ ಹಿರೇಗುಂಟನೂರಿನ ಹಿರಿಯರೊಬ್ಬರು, "ಪುಣ್ಯ ಕಟ್ಕಂಡ್ರಿ ಸಾಹೇಬ್ರೆ," ಅಂದುಬಿಟ್ಟರು. ತಿರುಗಿ ಕೈ ಮುಗಿಯುತ್ತಲೇ ಬೈಯುವುದು ಯಾರಿಗೂ ಆಗದ ಕೆಲಸ.

ಆ ಸಂದಿನಲ್ಲಿ ನಾನು ಬಾಯಿಬಿಟ್ಟೆ. "ಬಿಚ್ಚಿಸಬ್ಯಾಡ್ರಿ ಸರ್. ಬಸ್ ನಿಲ್ಲಲಿಲ್ಲ ಅಂದ್ರೆ ಮೊದಲ್ನೇ ಕ್ಲಾಸ್ ಹೋಗ್ತೈತೆ. ಇನ್ನೊಂದೆರಡು ಕ್ಲಾಸ್ ಹೋದ್ರೆ ನಂಗೆ ಹಾಲ್ ಟಿಕೆಟ್ ಇಲ್ಲ."

"ಇದನ್ನ ಮನವಿನಾಗೆ ಬರೀಬಾರದಿತ್ತೇನಮ್ಮ?"

ಬರೆದಿರಲಿಲ್ಲ. ಅದರ ತುಂಬ ಸಾಹೇಬರ ಗುಣಗಾನ, ಉಳಿದ ಜಾಗದಲ್ಲಿ ಸಂಘದ ಸಾಧನೆ.

"ಎಷ್ಟು ಗಂಟೆಗೆ ಕ್ಲಾಸು?"

"ಒಂಬತ್ತೂವರೆಗೆ ಸರ್," ಅಂದೆ. ದಿನಾ ನನ್ನ ಜೊತೆ ಕೂತು ಚಹಾ ಕುಡಿಯುತ್ತಿದ್ದ ಸಂಘದವರು ಒಬ್ಬರೂ ಇದನ್ನು ಕೇಳಿರಲಿಲ್ಲ. ಬೈಯಲು ಬಂದವರು ಕೇಳಿದರು.

ಸಾಹೇಬರು ಫೋನ್ ತೆಗೆದು ಡಿಪೊಗೆ ಹೇಳಿದರು. "ಆ ಹೊಸದುರ್ಗದ ಗಾಡಿ ಗೇಟ್ ಹತ್ರ ನಿಲ್ಲಲಿ ಬಿಡ್ರಿ. ಇವತ್ತೇ ಆರ್ಡರ್ ಬರೀರಿ." ಆಮೇಲೆ ವಾಚು ನೋಡಿಕೊಂಡು ನನಗೆ ಗದರಿದರು.

"ಒಂಬತ್ತೂವರೆ ಆತಲ್ಲಮ್ಮ. ಇನ್ನೂ ಇಲ್ಲೇ ನಿಂತೀಯ?"

ನಾನು ಥ್ಯಾಂಕ್ಸ್ ಕೂಡ ಹೇಳದೆ ಕ್ಲಾಸಿಗೆ ಓಡಿದೆ.