ಸುಳಿಗಾಳಿಗೆ ಒಗೆದ ಕೆರ

ನನ್ನಷ್ಟು ಗಾಳಿಯನ್ನು ಬಲ್ಲವನು ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ಇನ್ನೊಬ್ಬನಿರಲಿಲ್ಲ. ಹೀಗೆಂದು ಹೇಳಿಕೊಂಡು ತಿರುಗುತ್ತಿದ್ದವನು ನಾನೇ. ಆದರೆ ಆ ವರ್ಷ ನಮ್ಮೂರು ಇಳಕಲ್ಲೂ ನಂಬಿತ್ತು. ಆಗಿನ್ನೂ ನಮ್ಮಲ್ಲಿ ಮೋಟಾರು ಕಂಡವರಿಲ್ಲ, ಹುನಗುಂದಕ್ಕೂ ಚಕ್ಕಡಿಯೇ. ನನಗೆ ಇಪ್ಪತ್ತೆರಡು, ಮಗ್ಗದ ಗುಂಡಿಯಲ್ಲಿ ಒಂದು ತಾಸು ಕೂತರೆ ಕಾಲು ತುರಿಸುವ ವಯಸ್ಸು.

ಆ ವರ್ಷ ಸುಳಿಗಾಳಿ ಬೇಗ ಶುರುವಾಯಿತು. ಶಿವರಾತ್ರಿ ಕಳೆಯುವ ಮೊದಲೇ ಬೋಳು ಎರೆಹೊಲಗಳಲ್ಲಿ ಮಧ್ಯಾಹ್ನಕ್ಕೊಂದು ದೂಳಿನ ಕಂಬ ಏಳುತ್ತಿತ್ತು. ಅದರೊಳಗೆ ದೆವ್ವ ಇರುತ್ತದೆ, ಕಾಲಿನ ಕೆರ ಒಗೆದರೆ ಓಡಿಹೋಗುತ್ತದೆ ಎಂದು ನಮ್ಮ ಜನರ ನಂಬಿಕೆ. ನಾನು ಕಂಡುಕೊಂಡ ಗುಟ್ಟು ಬೇರೆ. ಶಿವರಾತ್ರಿ ಹೊತ್ತಿನ ಸುಳಿ ಒಂದು ಎಲೆ ಅಡಿಕೆ ಜಗಿದು ಮುಗಿಸುವಷ್ಟರಲ್ಲಿ ತಾನೇ ಸೊರಗಿ ಬೀಳುತ್ತದೆ. ರಸ ಸಪ್ಪಗಾಗುವವರೆಗೆ ಕಾದು, ಆಮೇಲೆ ಕೆರ ಒಗೆಯಬೇಕು, ಅಷ್ಟೇ. ಹುನಗುಂದದ ದಾರಿಯಲ್ಲಿ ಚಕ್ಕಡಿ ತುಂಬ ಜನರ ಮುಂದೆ ಹಾಗೆ ಮಾಡಿದೆ. ಕಂಬ ಕುಸಿಯಿತು. ಬಾದಾಮಿಯಲ್ಲಿ ರೈಲು ಹತ್ತಲು ಹೊರಟಿದ್ದ ಮುದುಕನೊಬ್ಬ ತಾನೇ ಇಳಿದು ನನ್ನ ಕೆರ ಹುಡುಕಿ ತಂದುಕೊಟ್ಟ.

ಚೈತ್ರದಲ್ಲಿ ಸುಳಿಗಳು ಎತ್ತರವಾದವು, ವೈಶಾಖದಲ್ಲಿ ಜೋಡಿಯಾಗಿ ಬರತೊಡಗಿದವು. ಬೇಲಿಯ ಮುಳ್ಳು, ಹೊಟ್ಟು, ಒಣಹಾಕಿದ ಧೋತರ, ಸಿಕ್ಕಿದ್ದೆಲ್ಲ ಎತ್ತಿಕೊಂಡು ಹೋಗುತ್ತಿದ್ದವು. ಊರಿಗೇ ಕೂತಲ್ಲಿ ಕೂರಲಾಗದ ಚಡಪಡಿಕೆ. ಕದ ಅಲುಗಿದರೂ ಜನ ಹೊರಗೆ ಬಂದು ಪಡುವಣ ನೋಡುತ್ತಿದ್ದರು. ನಮ್ಮ ನೇಕಾರರ ಓಣಿಯಲ್ಲಿ ಸೀರೆಯ ಹಾಸಿನ ನೂಲನ್ನು, ಅಂದರೆ ಉದ್ದೆಳೆಗಳನ್ನು, ಬೀದಿಯುದ್ದ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸುವುದು ರೂಢಿ. ಆ ವರ್ಷ ಎಲ್ಲರೂ ಬಿಸಿಲೇರುವುದರೊಳಗೆ ಸುತ್ತಿ ಒಳಗಿಡುತ್ತಿದ್ದರು.

ಪಕ್ಕದ ಮನೆಯ ಚಿಗವ್ವನಿಗೆ ಅದು ಸಾಧ್ಯವಾಗಲಿಲ್ಲ. ಗಂಡನಿಲ್ಲದ ಹೆಂಗಸು. ಹನ್ನೆರಡು ದಿನಕ್ಕೆ ಮಗಳ ಮದುವೆ, ಹುನಗುಂದಕ್ಕೆ ಕೊಡುವುದು. ತನ್ನ ಮಗ್ಗದ ಸೀರೆಯನ್ನೇ ಉಡಿಸಿ ಕಳಿಸುತ್ತೇನೆಂದು ಬೀಗರಿಗೆ ಮಾತು ಕೊಟ್ಟಿದ್ದಳು. ಬಣ್ಣದವನ ಮನೆಯಿಂದ ನೂಲು ಬಂದದ್ದೇ ಹೊತ್ತೇರಿದ ಮೇಲೆ.

"ತಮ್ಮಾ, ಈಗ ಹಾಸ್ಲೋ, ನಾಳಿಗಿ ಇಡ್ಲೋ?" ಎಂದು ನನ್ನನ್ನೇ ಕೇಳಿದಳು.

"ಹಾಸು ಬೇ ಚಿಗವ್ವ. ನಾ ಕಟ್ಟಿ ಮ್ಯಾಲೆ ಕುಂತಿರ್ತೇನಿ."

"ಗಾಳಿ ಬಂದ್ರ?"

"ಬರ್ಲಿ. ನನ್ನ ಕೆರಾ ನೋಡಿದ್ರ ಅದು ಬಾದಾಮಿ ಗುಡ್ಡಾ ದಾಟಿ ಓಡ್ತೈತಿ."

"ಖರೆ ಹೇಳು. ಇರೂದು ಇದೊಂದ ನೂಲು."

"ಖರೇನ ಬೇ."

ನಾಳೆಗಿಡು ಎನ್ನಬಹುದಿತ್ತು. ಓಣಿಯವರೆಲ್ಲ ನೋಡುತ್ತಿದ್ದರಲ್ಲ, ನಾಲಿಗೆ ಏಳಲಿಲ್ಲ.

ಗಂಜಿ ಅರ್ಧ ಒಣಗಿತ್ತು, ಓಣಿಯ ತುದಿಯಲ್ಲಿ ಸುಳಿ ಕೆಂಪಗೆ ಎದ್ದಿತು. ಎಲೆ ಬಾಯಿಗೆ ಹಾಕಿಕೊಂಡು ಜಗಿದೆ. ರಸ ಸಪ್ಪಗಾಯಿತು; ಸುಳಿ ಸೊರಗುವ ಬದಲು ಇನ್ನೂ ದಪ್ಪಗಾಯಿತು. ಎಡಗಾಲಿನ ಕೆರ ಒಗೆದೆ. ಅದನ್ನು ಗಿರಗಿರ ತಿರುಗಿಸುತ್ತ ಮೇಲಕ್ಕೊಯ್ದು, ಗೂಟ ಕಿತ್ತು, ಹಾಸನ್ನು ಹಗ್ಗದಂತೆ ಹೊಸೆದುಹಾಕಿ, ಸುಳಿ ಮುಂದಿನ ಓಣಿಗೆ ಹೋಯಿತು.

ಚಿಗವ್ವ ಅಳಲಿಲ್ಲ. ಮುಖದ ದೂಳನ್ನೂ ಒರೆಸಿಕೊಳ್ಳದೆ ನನ್ನ ಕಾಲು ನೋಡಿದಳು.

"ಇನ್ನೊಂದು ಐತೆಲ್ಲಪಾ. ಅದನ್ನೂ ಒಗಿ."

ಐದು ದಿನ ಅವಳ ಪಡಸಾಲೆ ಬಿಟ್ಟು ಏಳಲಿಲ್ಲ. ಸಿಕ್ಕು ಬಿಡಿಸುವುದು, ಹರಿದ ಎಳೆಗಳನ್ನು ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆದು ಕೂಡಿಸುವುದು. ಹೊರಗೆ ಗಾಳಿ ಬೀಸಿದರೆ ಅರ್ಧ ಎದ್ದುಬಿಡುತ್ತಿದ್ದೆ. "ಕೂಡು," ಎನ್ನುತ್ತಿದ್ದಳು ಚಿಗವ್ವ. ಮದುಮಗಳು ಎದುರಿಗೇ ಕೂತು, "ಅಣ್ಣಾ, ಗಂಟಿಗೂ ಕೆರಾ ತೋರ್ಸು, ತಾನ ಬಿಚ್ತೈತಿ," ಎಂದು ಕಾಡುತ್ತಿದ್ದಳು. ನಾನು ಬೆರಳಿಗೆ ಇನ್ನಷ್ಟು ಬೂದಿ ಹಚ್ಚಿಕೊಂಡು ಮುಂದಿನ ಗಂಟಿಗೆ ಕೈ ಹಾಕುತ್ತಿದ್ದೆ.

ಒಂದು ಮೊಳದಷ್ಟು ಹಾಸು ಉಳಿಯಲೇ ಇಲ್ಲ, ಚಿಗವ್ವ ಕತ್ತರಿಸಿ ತೆಗೆದಳು. ಹದಿನಾರು ಮೊಳದ ಸೀರೆ ಹದಿನೈದಾಗಿ, ಮದುವೆಯ ಹಿಂದಿನ ದಿನ ಮಗ್ಗದಿಂದ ಇಳಿಯಿತು. ಮದುಮಗಳು ಎರಡು ನಿರಿಗೆ ಕಡಿಮೆ ಹಿಡಿದು ಉಟ್ಟಳು. ಬೀಗರು ಸೆರಗಿನ ಕೆಂಪು ಹೊಗಳಿದರು, ನಿರಿಗೆ ಎಣಿಸಲಿಲ್ಲ.

ಅಕ್ಷತೆ ಬಿದ್ದು ಊಟಕ್ಕೆ ಕೂತಾಗ ಹುನಗುಂದದ ಬಯಲಲ್ಲಿ ಒಂದು ಸುಳಿ ಎದ್ದಿತು. ಹಂದರದ ಬಟ್ಟೆ ಪಟಪಟ ಬಡಿಯಿತು. ಇಳಕಲ್ಲಿನವರ ಪಂಕ್ತಿ ಪೂರ್ತಿ ನನ್ನ ಕಡೆ ತಿರುಗಿತು. ನಾನು ಬರಿಗಾಲಲ್ಲೇ ಬಂದಿದ್ದೆ; ಎರಡೂ ಪಾದಗಳನ್ನು ಧೋತರದೊಳಗೆ ಸೇರಿಸಿಕೊಂಡೆ. ಬಡಿಸುತ್ತ ಬಂದ ಚಿಗವ್ವ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಬಗ್ಗಿ ಮೆಲ್ಲಗೆ ಹೇಳಿದಳು:

"ಸುಮ್ನ ಉಣ್ಣು. ಅದು ತಾನ ಬೀಳ್ತೈತಿ."

ಬಿತ್ತು. ಅದರ ಬೆನ್ನಿಗೇ ರೋಹಿಣಿ ಮಳೆಯ ದಪ್ಪ ಹನಿಗಳು ಹಂದರದ ಮೇಲೆ ಬಿದ್ದವು. ಆ ವರ್ಷದ ಸುಳಿಗಳಿಗೆ ಅದೇ ಕೊನೆ. ನಾನು ತಲೆಯೆತ್ತದೆ ಉಂಡೆ.