ಪಲ್ಲವಿಗೆ ಬಂದು ನಿಲ್ಲಿಸಯ್ಯ

ಸಂಜೆಯಾದರೆ ವೆಂಕಟಾಚಲಯ್ಯನವರು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಜಗುಲಿಯ ಮೇಲೆ ಕೂರುತ್ತಿದ್ದರು. ಆಗಾಗ ಒಂದು ಕಿವಿಯ ಹತ್ತಿ ತೆಗೆದು, ಗಲಾಟೆ ನಿಂತಿತೇ ಎಂದು ಪರೀಕ್ಷಿಸುತ್ತಿದ್ದರು. ಈ ಪರೀಕ್ಷೆ ಸಾಮಾನ್ಯವಾಗಿ ಒಂದು ಇಡೀ ಚರಣ ಮುಗಿಯುವವರೆಗೆ ನಡೆಯುತ್ತಿತ್ತು.

ಗಲಾಟೆ ಎಂದರೆ ಪುಟ್ಟಸ್ವಾಮಿಯ ಕ್ಲಾರಿಯೊನೆಟ್. ಮದುವೆ ಬ್ಯಾಂಡಿನಲ್ಲಿ ಊದುತ್ತಿದ್ದ ಆತ, ಮದುವೆಗಳಿಗೆ ಡಿಜೆ ಬಂದಮೇಲೆ ಚಾಮರಾಜಪುರಂನ ನಮ್ಮ ಬೀದಿಯ ತಿರುವಿನಲ್ಲಿ, ಹೊಂಗೆ ಮರದ ಕೆಳಗೆ ಟವೆಲ್ ಹಾಸಿ ನಿಲ್ಲತೊಡಗಿದ್ದ. ಬೇರೆಲ್ಲ ಕಡೆಯಿಂದ ಓಡಿಸಿಕೊಂಡು ಬಂದವನಿಗೆ ಉಳಿದದ್ದು ಅದೊಂದೇ ಜಾಗ. ನಮ್ಮ ಬೀದಿಯಲ್ಲಿ ಬೆಳಗ್ಗೆ ಕಸದ ಗಾಡಿ ಹಾಡುತ್ತದೆ, ಈರುಳ್ಳಿ ಆಟೋ ಮೈಕಿನಲ್ಲಿ ಅರಚುತ್ತದೆ, ಯಾರದೋ ಮನೆಯ ಟೈಲ್ಸು ವರ್ಷಪೂರ್ತಿ ಕೊಯ್ಯಿಸಿಕೊಳ್ಳುತ್ತದೆ. ಇವೆಲ್ಲ ಊರು ಮುಂದುವರಿಯುತ್ತಿರುವ ಲಕ್ಷಣ. ಕ್ಲಾರಿಯೊನೆಟ್ ಮಾತ್ರ ಸಾರ್ವಜನಿಕ ಉಪದ್ರವ. ಹಾಗೆಂದು ತೀರ್ಮಾನಿಸಿದವರು ವೆಂಕಟಾಚಲಯ್ಯನವರು. ಉಳಿದ ನಾವು ಸಭ್ಯ ನಾಗರಿಕರಾದ್ದರಿಂದ, ಅವರೆದುರು ಅವರಿಗೂ ಪುಟ್ಟಸ್ವಾಮಿಯೆದುರು ಪುಟ್ಟಸ್ವಾಮಿಗೂ ತಲೆಯಾಡಿಸುತ್ತಿದ್ದೆವು.

ಸಂಗೀತದ ವಿಷಯದಲ್ಲಿ ಅವರ ಮಾತಿಗೆ ಎದುರಾಡುವಂತಿರಲಿಲ್ಲ. ಅವರ ತಾತ ಅರಮನೆಯಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರಂತೆ. ಉಗ್ರಾಣದ ಕಿಟಕಿಗೆ ದರ್ಬಾರಿನ ಕಚೇರಿ ಕೇಳಿಸುತ್ತಿತ್ತಂತೆ. ಮನೆತನದ ವಿದ್ವತ್ತು ಆ ಕಿಟಕಿಯಿಂದಲೇ ಇಳಿದು ಬಂದದ್ದು.

ಒಂದು ದಿನ ಅವರು ಸ್ಟೇಷನ್ನಿಗೆ ಹೋಗಿ ಕಾನ್‌ಸ್ಟೇಬಲ್ ಒಬ್ಬರನ್ನು ಕರೆತಂದೇಬಿಟ್ಟರು. ಪುಟ್ಟಸ್ವಾಮಿ ಕಣ್ಣು ಮುಚ್ಚಿ ಮೋಹನ ರಾಗದಲ್ಲಿ ಒಂದು ಕೃತಿ ನುಡಿಸುತ್ತಿದ್ದ. ಕಾನ್‌ಸ್ಟೇಬಲ್ ಟವೆಲಿಗೆ ಕೈ ಹಾಕಿದರು. ಇನ್ನು ಈ ಬೀದಿಗೆ ಕಾಲಿಡಕೂಡದು ಎಂದರು. ಅಷ್ಟರಲ್ಲಿ ದೂರು ಕೊಟ್ಟವರೇ ಅಡ್ಡ ಬಂದರು.

"ಸ್ವಲ್ಪ ತಡೀರಿ. ಚರಣದಲ್ಲಿದಾನೆ. ಪಲ್ಲವಿಗೆ ಬಂದು ನಿಲ್ಲಿಸ್ಲಿ, ಆಮೇಲೆ ಓಡ್ಸಿ. ಅರ್ಧಕ್ಕೆ ಬಿಡೋದು ಸಂಸಾರಸ್ಥರ ಬೀದಿಗೆ ಒಳ್ಳೇದಲ್ಲ ಕಣ್ರೀ."

ಪುಟ್ಟಸ್ವಾಮಿ ಮುಚ್ಚಿದ್ದು ಕಣ್ಣು ಮಾತ್ರ, ಕಿವಿಯಲ್ಲ. ಅವನು ಪಲ್ಲವಿಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಚರಣ ಮುಗಿಸಿ ಸ್ವರ ಹಾಕಿದ, ಸ್ವರದಿಂದ ಮತ್ತೆ ಚರಣಕ್ಕೆ ಬಂದ. ಕಾನ್‌ಸ್ಟೇಬಲ್ ಬೈಕಿಗೆ ಒರಗಿ ಫೋನು ನೋಡಿದರು, ನಮ್ಮ ಮನೆಯ ಕಾಫಿ ಕುಡಿದರು, ಕೊನೆಗೆ ಕೈಮುಗಿದು ಹೊರಟುಹೋದರು. ವೆಂಕಟಾಚಲಯ್ಯನವರು ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಾ ಕೊನೆಯವರೆಗೂ ನಿಂತಿದ್ದು, ಅಪರಾಧಿಯ ಮೇಲೆ ಕಣ್ಣಿಟ್ಟಿದ್ದರು. ಕತ್ತಲಾದಾಗ ಗುಡುಗಿದರು. "ಪಲ್ಲವಿಗೆ ಬಂದು ನಿಲ್ಲಿಸಯ್ಯ, ಸಾಕು."

ಪುಟ್ಟಸ್ವಾಮಿ ತಕ್ಷಣ ಪಲ್ಲವಿಗೆ ಬಂದು ನಿಲ್ಲಿಸಿದ.

ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ದಿನಾ ಸಂಜೆ ಅವರು ಗೇಟಿಗೆ ಬಂದು ಗುಡುಗುವವರೆಗೆ ಇವನು ಮುಗಿಸುತ್ತಿರಲಿಲ್ಲ. ಅವರ ಗುಡುಗು ದಿನದಿಂದ ದಿನಕ್ಕೆ ತಡವಾಗುತ್ತಾ ಹೋಯಿತು. ನಾನು ಅದನ್ನು ಎತ್ತಿ ಆಡಿದರೆ, ಉಪದ್ರವ ಎಷ್ಟು ಹೊತ್ತು ನಡೆಯುತ್ತದೆಂದು ತಿಳಿಯದೆ ದೂರು ಕೊಡುವುದು ಹೇಗೆ ಎಂದು ನನ್ನ ಮೇಲೇ ರೇಗುತ್ತಿದ್ದರು.

ಹೋದ ಮಾಘದಲ್ಲಿ ಅವರು ಹಾಸಿಗೆ ಹಿಡಿದರು. ನೋಡಲು ಹೋದಾಗ ಮಾತು ತೊದಲುತ್ತಿತ್ತು. ಅವರಿಗೆ ವಿಶ್ರಾಂತಿ ಬೇಕೆಂದು ಮನೆಯವರು ಬೀದಿಯ ಕಡೆಯ ಕಿಟಕಿ ಮುಚ್ಚಿದ್ದರು. ಅವರು ಕಣ್ಣಲ್ಲೇ ಅದನ್ನು ತೋರಿಸಿದರು.

"ತೆಗಿ. ಕಾಟ ಎಷ್ಟಿದೆ ನೋಡ್ಬೇಕು."

ತೆಗೆದೆ. ಪುಟ್ಟಸ್ವಾಮಿ ನುಡಿಸುತ್ತಿದ್ದ. ಹೊದಿಕೆಯ ಮೇಲೆ ಅವರ ಬೆರಳು ತಾಳ ಎಣಿಸುತ್ತಿತ್ತು. ಅದೇ ವಾರ ಅವರು ಹೋಗಿಬಿಟ್ಟರು.

ವೈಕುಂಠ ಸಮಾರಾಧನೆಯ ಸಂಜೆ ಪುಟ್ಟಸ್ವಾಮಿ ಅದೇ ಮರದ ಕೆಳಗೆ ಮೋಹನ ಎತ್ತಿಕೊಂಡ. ಟವೆಲ್ ಹಾಸಿರಲಿಲ್ಲ. ಚರಣ ಬಂತು, ಸ್ವರ ಬಂತು, ಮತ್ತೆ ಚರಣ ಬಂತು. ಕತ್ತಲಾದರೂ ಗೇಟಿನ ಕಡೆಗೇ ನೋಡುತ್ತಾ ನುಡಿಸಿದ. ಆಮೇಲೆ ಚರಣದ ನಡುವೆಯೇ ನಿಲ್ಲಿಸಿ, ಕ್ಲಾರಿಯೊನೆಟ್ ಬಿಚ್ಚಿ ಪೆಟ್ಟಿಗೆಗೆ ಹಾಕಿದ. ಪಲ್ಲವಿ ಬಾಕಿಯಿದೆಯಲ್ಲ ಎಂದು ನಾನು ಕೇಳಿದೆ.

"ಇರ್ಲಿ ಬುಡಿ ಸ್ವಾಮಿ," ಎಂದ. "ಅವ್ರೇ ಬಂದು ಬಯ್ಲಿ."