ಇರಾನಿನ ಫರೀದ ಮತ್ತು ಅವ್ವನ ಹರಕೆ

ಕಲ್ಲುಸಕ್ಕರೆಯ ಹರಳೊಂದನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಕರಿ ಚಹಾ ಹೀರುತ್ತಿದ್ದವನು ರಾಯಚೂರಿನ ನಮ್ಮ ಓಣಿಯಲ್ಲಿ ಫರೀದನೊಬ್ಬನೇ. ಇರಾನಿನಿಂದ ಎಂಜಿನಿಯರಿಂಗ್ ಓದಲು ಬಂದು, ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದ. ಹಾಲಿಲ್ಲದ ಚಹಾ ಕುಡಿದರೆ ಹೊಟ್ಟೆ ಸುಡುತ್ತದೆ ಎಂದು ಅವ್ವ ಬೈಯುತ್ತಲೇ ಕಾಸಿಕೊಡುತ್ತಿದ್ದಳು. ಕನ್ನಡವನ್ನು ಅವಳಿಂದಲೇ ಕಲಿತ. ಅದರಲ್ಲಿ ಅರ್ಧ ಬೈಗುಳ. ನಮ್ಮ ಕಚೇರಿಗಳ ಅರ್ಜಿ, ದಸ್ತಾವೇಜು, ಹುಕುಂ ಎಂಬ ಮಾತುಗಳನ್ನು ಕೇಳಿ, ಇವೆಲ್ಲ ನಮ್ಮೂರಿನವೇ, ನನಗಿಂತ ಮೊದಲೇ ಬಂದು ಇಲ್ಲಿ ಆರಾಮಾಗಿ ಕೂತಿವೆ ಎಂದು ನಗುತ್ತಿದ್ದ.

ಆರಾಮ ಅವನಿಗೆ ಮಾತ್ರ ಇರಲಿಲ್ಲ. ಪ್ರತಿ ವರ್ಷ ಪೊಲೀಸ್ ಕಚೇರಿಗೆ ತಾನೇ ಹೋಗಿ ವಾಸದ ಪರವಾನಗಿ ಮುಂದುವರಿಸಿಕೊಳ್ಳಬೇಕಿತ್ತು. “ನಿಮ್ಮ ಮನಿ ತಿಂಗಳ ಬಾಡಿಗಿ, ನಿಮ್ಮ ದೇಶ ವರ್ಷದ ಬಾಡಿಗಿ ನೋಡ್ರಿ” ಎನ್ನುತ್ತಿದ್ದ. ಅವನ ದೇಶದಲ್ಲಿ ಆಗ ಯುದ್ಧ ನಡೆಯುತ್ತಿತ್ತು. ಅಣ್ಣ ಅದರಲ್ಲಿ ಸತ್ತಿದ್ದ. ಪರವಾನಗಿ ಹೋದರೆ ಇವನೂ ಅಲ್ಲಿಗೇ ಎಂಬುದು ನಮಗೆಲ್ಲ ಗೊತ್ತಿತ್ತು.

ಓದಿನ ಕೊನೆಯ ವರ್ಷ ಪರವಾನಗಿಯ ಗಡುವು ಮೊಹರಂ ದಿನಗಳಲ್ಲೇ ಬಂತು. ಕಚೇರಿಯವರು ಗಡುವಿನ ದಿನವೇ ಬರಲು ಹೇಳಿದ್ದರು. ಅವ್ವನಿಗೆ ಚಿಂತೆ ಹತ್ತಿ, ಕಾಗದ ಸಿಗಲೆಂದು ತವರೂರು ಗಬ್ಬೂರಿನ ಪೀರ ದೇವರಿಗೆ ಹರಕೆ ಹೊತ್ತಳು: ಫರೀದ ಈ ಸಲ ಫಕೀರನಾಗುತ್ತಾನೆ. ನಾವು ಮುಸ್ಲಿಮರಲ್ಲ, ಆದರೂ ಪೀರ ದೇವರು ನಮ್ಮ ಮನೆಯ ದೇವರೂ ಹೌದು. ಫರೀದ ಖುಷಿಯಿಂದಲೇ ನಮ್ಮ ಜೊತೆ ದೇವದುರ್ಗದ ಬಸ್ಸು ಹತ್ತಿ ಗಬ್ಬೂರಿಗೆ ಬಂದ. ಗಡುವಿನ ಬೆಳಿಗ್ಗೆ ರಾಯಚೂರಿಗೆ ಹೋಗಿ ಸಂಜೆಗೆ ಮರಳಿದರಾಯಿತು ಎಂಬುದು ಅವನ ಲೆಕ್ಕ. ಊರಲ್ಲಿ ಫಕೀರನಾದ ಗುರುತಿಗೆ ಕೊರಳಿಗೆ ಲಾಡಿ ಎಂಬ ಕೆಂಪು ದಾರ ಹಾಕಿಸಿಕೊಂಡ. ಪೀರುಗಳ ಮುಂದೆ ತೋಡಿದ ಅಲಾಯಿ ಕುಣಿಯ ಬೆಂಕಿಯ ಸುತ್ತ ಗೌಡರು, ಕೂಲಿಯವರು, ಹುಲಿವೇಷದವರು ಎಲ್ಲ ಕುಣಿಯುವುದನ್ನು ನೋಡಿ ಬೆರಗಾದ. ತನ್ನೂರಿನಲ್ಲಿ ಈ ದಿನಗಳಲ್ಲಿ ಅಳುವುದಷ್ಟೇ ಎಂದ. ಆಮೇಲೆ ತಾನೂ ಕುಣಿದ, ಕುಣಿಯುತ್ತಲೇ ಅತ್ತ.

ಲಾಡಿ ಹಾಕಿಕೊಂಡವರು ಮೊಹರಂ ಮುಗಿದು ಪೀರು ಹೊಳೆಗೆ ಹೋಗುವತನಕ ಊರ ಗಡಿ ದಾಟಬಾರದೆಂಬುದು ಅಲ್ಲಿಯ ಕಟ್ಟು. ಅದು ಅವನಿಗೆ ಗೊತ್ತಿರಲಿಲ್ಲ. ಗಡುವಿನ ಬೆಳಿಗ್ಗೆ ಅವನು ಚೀಲ ಹಿಡಿದು ಹೊರಟಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು.

“ನಿನ್ನ ಕಾಗದದ ಸಲುವಾಗೇ ಹರಕಿ ಹೊತ್ತೀನಿ. ಹರಕಿ ಮುರಿದು ಹೋದ್ರ ಕಾಗದ ಉಳೀತದೇನಪ್ಪಾ? ದೇವ್ರು ಹೊಳಿಗಿ ಹೋದ ಮ್ಯಾಲ ಹೋಗು. ಒಂದೆರಡು ದಿನಕ್ಕ ಯಾರು ಏನಂತಾರ?”

ಅವನು ಚೀಲ ಕೆಳಗಿಟ್ಟ. ಅವಳ ಮಾತು ಮೀರುವುದು ಅವನಿಗೆ ಬರುತ್ತಿರಲಿಲ್ಲ.

ಆ ಒಂದೆರಡು ದಿನದಲ್ಲೇ ಎಲ್ಲ ಮುಗಿದುಹೋಯಿತು. ಗಡುವು ಮೀರಿದ ಅರ್ಜಿಯನ್ನು ಕಚೇರಿಯವರು ಮುಟ್ಟಲಿಲ್ಲ. ಅವ್ವ ಅಲ್ಲಿನ ಮೆಟ್ಟಿಲ ಮೇಲೆ ಕೂತು, ತಪ್ಪು ನನ್ನದು, ಹುಡುಗನದಲ್ಲ ಎಂದು ಅತ್ತಳು. ಸಾಹೇಬರು ಒಳ್ಳೆಯವರೇ, ಅವಳಿಗೆ ನೀರು ಕೊಡಿಸಿದರು. ಹುಕುಂ ಬದಲಾಗಲಿಲ್ಲ. ಪರೀಕ್ಷೆ ಬರೆಯುವ ಮೊದಲೇ ಫರೀದ ದೇಶ ಬಿಡಬೇಕಾಯಿತು.

ರೈಲು ನಿಲ್ದಾಣದಲ್ಲಿ ಅವ್ವ ಅವನ ಮುಖ ನೋಡಲಾರದೆ ನಿಂತಿದ್ದಳು. ಅವನು ಬಗ್ಗಿ ಅವಳ ಪಾದ ಮುಟ್ಟಿದ. “ಯವ್ವಾ, ನಾನ ತಡಾ ಮಾಡಿದೆ ಅಂತ ನಮ್ಮವ್ವಗ ಹೇಳ್ತೀನಿ. ನಿನ್ನ ಹೆಸರು ಹೇಳಂಗಿಲ್ಲ” ಎಂದ. ಆಮೇಲೆ ಅವನ ಸುದ್ದಿ ಬರಲಿಲ್ಲ. ಯುದ್ಧ ಮುಗಿದ ಮೇಲೂ ಬರಲಿಲ್ಲ.

ಅವನು ಹೋದ ಮರುವರ್ಷ ನನಗೆ ವಿಷಮಜ್ವರ ಬಂದು ಡಾಕ್ಟರು ಕೈಚೆಲ್ಲಿದರು. ದೇವರಿಗೆ ಏನಾದರೂ ಬೇಡಿಕೋ ಎಂದು ಓಣಿಯ ಹೆಂಗಸರು ಅವ್ವನಿಗೆ ಹೇಳಿದರು. ಅವಳು ನನ್ನ ಹಣೆಯ ಒದ್ದೆ ಬಟ್ಟೆ ಬದಲಿಸುತ್ತಾ, “ಬ್ಯಾಡ್ರಿ. ನಾ ಬೇಡಿದ್ರ ಈ ಕೂಸೂ ಹೋಗ್ತದ” ಎಂದಳು.